ಹೊಟ್ಟಿಬ್ಯಾನಿ ಯಾರ ಮುಂದ ಹೇಳಬೇಕು?

ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಪಾಟಿಚೀಲ ಹೆಗಲಿಗೇರುವ ಹೊತ್ತಿಗೆ ಸರಿಯಾಗಿ ಹೊಕ್ಕಳ ಸುತ್ತ ಹಿಡಿದುಕೊಳ್ಳುವ ಈ ನೋವು, ಇವತ್ತು ಸಾಲಿ ತಪ್ಪಿತು ಎಂದು ಖಾತ್ರಿಯಾದ ಅರ್ಧ ತಾಸಿನಲ್ಲಿ ಇಳಿದುಹೋಗುತ್ತದೆ. ‘ನೆವಾ ಮಾಡ್ತಾನ, ಕಳಸ್ರಿ ಸಾಲಿಗೆ’ ಎನ್ನುತ್ತಾನೆ ಮುತ್ಯಾ. ‘ಯಾರದರೆ ಕಣ್ಣ ಬಿದ್ದಿರಬೇಕು’ ಎಂದು ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಮಗುವನ್ನು ಮಾತ್ರ ಯಾರೂ ಕೂರಿಸಿಕೊಂಡು ಕೇಳುವುದಿಲ್ಲ.

ಕೇಳಿದ ವೈದ್ಯರೊಬ್ಬರು ಇದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮಕ್ಕಳ ವೈದ್ಯ ಜಾನ್ ಆ್ಯಪ್ಲಿ 1950ರ ದಶಕದಲ್ಲಿ ಈ ನೋವಿನ ಬೆನ್ನು ಹತ್ತಿದರು. ಸಹೋದ್ಯೋಗಿ ನೋರಾ ನೇಯ್ಶ್ ಜೊತೆ 1,000 ಶಾಲಾಮಕ್ಕಳನ್ನು ವಿಚಾರಿಸಿ 1958ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಮೂರು ಸಲವಾದರೂ ಆಟಪಾಠ ಬಿಡಿಸುವಷ್ಟು ಹೊಟ್ಟೆನೋವು ಬಂದಿದ್ದ ಮಕ್ಕಳು ನೂರಕ್ಕೆ ಸುಮಾರು 11. ಅಂಥವರನ್ನು ಆಸ್ಪತ್ರೆಯಲ್ಲಿ ಕೂಲಂಕಷವಾಗಿ ತಪಾಸಿಸಿದಾಗ ಕರುಳಿನಲ್ಲೋ ಮೂತ್ರಪಿಂಡದಲ್ಲೋ ದೋಷ ಸಿಕ್ಕಿದ್ದು ಹತ್ತರಲ್ಲಿ ಒಬ್ಬರಿಗೂ ಅಲ್ಲ. ನೋವಿನ ಜಾಗ ಹೊಕ್ಕಳಿನಿಂದ ದೂರವಾದಷ್ಟೂ ಅಂಗದ ಕಾಯಿಲೆಯ ಸಂಶಯ ಹೆಚ್ಚು ಎಂಬ ಆ್ಯಪ್ಲಿಯವರ ಸೂತ್ರವನ್ನು ವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ಕಲಿಯುತ್ತಾರೆ.

ದೋಷ ಸಿಗಲಿಲ್ಲ ಎಂದರೆ ನೋವು ಸುಳ್ಳು ಎಂದಲ್ಲ. ಕರುಳಿನ ಗೋಡೆಯಲ್ಲಿ ಹತ್ತಾರು ಕೋಟಿ ನರಕೋಶಗಳಿವೆ. ಅಲ್ಲಿಂದ ತಲೆಗೆ ಏರುವ ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಹೊಟ್ಟೆಯ ಸುದ್ದಿಯನ್ನು ಮೆದುಳಿಗೆ ಒಯ್ಯುವಂಥವು. ಅಂಜಿಕೆ, ಆತಂಕ ಹೆಚ್ಚಾದಾಗ ಮೆದುಳು ಆ ಸುದ್ದಿಯನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತದೆ. ಬೇರೆ ದಿನ ಗೊತ್ತೇ ಆಗದ ಕರುಳಿನ ಚಲನೆ ಅವತ್ತು ಹಿಂಡಿದಂತೆ ನೋಯುತ್ತದೆ. ಆರೇಳು ವರ್ಷದ ಮಗುವಿಗೆ ‘ನನಗೆ ಆತಂಕವಾಗಿದೆ’ ಎನ್ನಲು ಬಾರದು. ಹೊಟ್ಟೆ ನೋಯುತ್ತದೆ ಎನ್ನಲು ಬರುತ್ತದೆ.

ಹಾಗಾಗಿ ಪ್ರಾಥಮಿಕ ಶಾಲೆಯ ಮಕ್ಕಳ ನೆಮ್ಮದಿಯನ್ನು ಅರಿಯಲು ದೊಡ್ಡ ಪ್ರಶ್ನಾವಳಿ ಬೇಕಿಲ್ಲ, ಈ ಹೊಟ್ಟಿಬ್ಯಾನಿಯ ಜಾಡು ಹಿಡಿದರೆ ಸಾಕು. ಜಾಡು ಹಿಡಿಯಲು ಜತ್ತ ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗಲಾರದು. ಅಲ್ಲಿ ಈ ನೋವಿಗೆ ಇರಬಹುದಾದ ಕಾರಣಗಳೆಲ್ಲ ಒಂದೇ ವರ್ಗದ ಕೋಣೆಯೊಳಗೆ ಕೂತಿರುತ್ತವೆ.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿಯಲ್ಲಿದೆ ಜತ್ತ. ಒಂದು ಮಗ್ಗುಲಿಗೆ ಅಥಣಿ, ಇನ್ನೊಂದು ಮಗ್ಗುಲಿಗೆ ವಿಜಯಪುರ ಜಿಲ್ಲೆ, ಬಡಗಣಕ್ಕೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಮತ್ತು ಸಾಂಗೋಲೆ. 2011ರ ಜನಗಣತಿಯಂತೆ ಮೂರು ಲಕ್ಷಕ್ಕೂ ಹೆಚ್ಚು ಜನ. ಅದೇ ಜಿಲ್ಲೆಯ ಪಶ್ಚಿಮದಲ್ಲಿ ಕೃಷ್ಣೆ, ವಾರಣೆಗಳ ನೀರುಂಡ ಕಪ್ಪು ನೆಲ, ಕಬ್ಬು, ಸಕ್ಕರೆ ಕಾರ್ಖಾನೆ. ಪೂರ್ವದಲ್ಲಿ ಮಳೆನೆರಳಿನ ಜತ್ತ, ಜೋಳ, ಸಜ್ಜೆ, ಮಾಡಗ್ಯಾಳದ ಹೆಸರಾಂತ ಕುರಿ, ಬೋರ್‌ವೆಲ್ ಹಿಡಿದರೆ ದಾಳಿಂಬೆ, ದ್ರಾಕ್ಷಿ. ಉಮದಿ, ಸಂಖ, ತಿಕ್ಕುಂಡಿ, ಬಿಳೂರ, ದಾನಮ್ಮದೇವಿಯ ಗುಡ್ಡಾಪುರ ಇಲ್ಲೆಲ್ಲ ಮನೆಯ ಮಾತು ಕನ್ನಡ. ಉಮದಿಯವರಿಗೆ ತಮ್ಮ ಜಿಲ್ಲಾ ಕೇಂದ್ರ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಪತ್ರಿಕೆಗಳಿಗೆ ಜತ್ತ ನೆನಪಾಗುವುದು ಗಡಿಯ ಜಗಳ ಎದ್ದಾಗ: 1967ರ ಮಹಾಜನ ವರದಿ, 2012ರ ಬರಗಾಲದಲ್ಲಿ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದ ಹಳ್ಳಿಗಳ ಠರಾವು, 2022ರ ಕೊನೆಯಲ್ಲಿ ಎರಡು ರಾಜ್ಯಗಳ ಮುಖಂಡರ ಮಾತಿನ ಚಕಮಕಿ. ಜಗಳ ತಣ್ಣಗಾದ ಮೇಲೆ ಅಲ್ಲಿನ ಎರಡನೇ ಇಯತ್ತೆಯ ಮಗುವಿಗೆ ಏನಾಯಿತು ಎಂದು ಕೇಳಿದವರು ಕಡಿಮೆ.

ಮೊದಲ ಕಾರಣ ಸರಳವಾದದ್ದು: ಹಸಿವು.

ಈ ಸೀಮೆಯ ಅನೇಕ ಮನೆಗಳಲ್ಲಿ ಮಗುವಿನ ಬೆಳಗಿನ ಊಟವೆಂದರೆ ಒಂದು ಬಟ್ಟಲು ಚಹಾ, ಅದರಲ್ಲಿ ಅದ್ದಿದ ಬಿಸ್ಕೀಟು ಇಲ್ಲವೇ ನಿನ್ನೆಯ ರೊಟ್ಟಿ. ಅವ್ವ ಕೂಲಿಗೆ ಹೋಗುವ ಅವಸರದಲ್ಲಿ ಬೇರೆ ದಾರಿಯೂ ಇಲ್ಲ. ಮಗುವಿನ ಮೆದುಳು ಅದರ ಗಾತ್ರಕ್ಕೆ ಮೀರಿ ಇಂಧನ ಉಣ್ಣುತ್ತದೆ. ಐದಾರು ವರ್ಷದ ಹೊತ್ತಿಗೆ ದೇಹ ವಿಶ್ರಾಂತಿಯಲ್ಲಿ ಬಳಸುವ ಗ್ಲೂಕೋಸಿನ ಅರ್ಧಕ್ಕಿಂತ ಹೆಚ್ಚು ಪಾಲು ಮೆದುಳಿಗೇ ಬೇಕು. ಚಹಾ ಬಿಸ್ಕೀಟಿನ ಸಕ್ಕರೆ ಹತ್ತೂವರೆಗೆಲ್ಲ ಮುಗಿದಿರುತ್ತದೆ. ಆಮೇಲೆ ಬರುವುದು ಹೊಟ್ಟೆ ಹಿಂಡುವ ಸಂಕಟ, ಕಿರಿಕಿರಿ, ಪಕ್ಕದವನೊಡನೆ ಜಗಳ. ಗುರೂಜಿ ಅದನ್ನು ತುಂಟತನ ಎಂದು ಬರೆದುಕೊಳ್ಳುತ್ತಾರೆ.

ಇಲ್ಲಿ ಕೈಹಿಡಿಯುವುದು ಶಾಲೆಯ ಖಿಚಡಿ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಅದಕ್ಕೂ ಮುಂಚೆ ಹಲವು ರಾಜ್ಯಗಳು ಅಕ್ಕಿಯ ಚೀಲ ಹಂಚಿ ಕೈತೊಳೆದುಕೊಳ್ಳುತ್ತಿದ್ದವು. ಈಗಿನ ಪ್ರಮಾಣದಂತೆ ಐದನೇ ಇಯತ್ತೆಯವರೆಗಿನ ಮಗುವಿನ ತಟ್ಟೆಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಬೀಳಬೇಕು. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 2004ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ನಿಲ್ಲಬಾರದು. ಜತ್ತದಂಥ ತಾಲ್ಲೂಕಿನ ಪಾಲಕರು ಈ ಸಾಲನ್ನು ಬಾಯಿಪಾಠ ಮಾಡಬೇಕು.

ಆ ಮಾತಿಗೆ ವಿಜ್ಞಾನದ ಬೆಂಬಲವಿದೆ. ಆಂಧ್ರಪ್ರದೇಶದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಯಂಗ್ ಲೈವ್ಸ್’ ಅಧ್ಯಯನದ ಅಂಕಿಅಂಶಗಳನ್ನು ಅಭಿಜೀತ್ ಸಿಂಗ್, ಆಲ್ಬರ್ಟ್ ಪಾರ್ಕ್ ಮತ್ತು ಸ್ಟೆಫಾನ್ ಡೆರ್ಕಾನ್ ಪರಿಶೀಲಿಸಿ 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎಳವೆಯಲ್ಲಿ ಬರಕ್ಕೆ ಸಿಕ್ಕಿ ಮೈ ಇಳಿದ ಮಕ್ಕಳಿಗೆ ಶಾಲೆಯ ಮಧ್ಯಾಹ್ನದ ಊಟ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತ್ತು. 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಇಡೀ ದೇಶದ ಲೆಕ್ಕ ಹಿಡಿದು, ಐದು ವರ್ಷದವರೆಗೆ ಶಾಲೆಯ ಊಟ ಉಂಡ ಮಕ್ಕಳ ಓದಿನ ಅಂಕಗಳು ಒಂದು ವರ್ಷವೂ ಉಣ್ಣದವರಿಗಿಂತ ಸುಮಾರು ಶೇ 18ರಷ್ಟು ಹೆಚ್ಚೆಂದು ತೋರಿಸಿತು. ಖಿಚಡಿ ಬೇಯಿಸುವ ಹೆಂಗಸು ಶಾಲೆಯ ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವಳು ಎಂಬುದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಮಹಾರಾಷ್ಟ್ರ ಸರ್ಕಾರ 2023ರ ನವೆಂಬರ್‌ನಲ್ಲಿ ವಾರಕ್ಕೊಂದು ಮೊಟ್ಟೆ ಶುರುಮಾಡಿ, 2025ರ ಜನವರಿಯಲ್ಲಿ ಅದರ ಹಣ ನಿಲ್ಲಿಸಿತು. ಬೇಕಿದ್ದರೆ ಊರವರ ದೇಣಿಗೆಯಿಂದ ಕೊಡಿ ಎಂದಿತು. ಬರದ ಊರಿನಲ್ಲಿ ದೇಣಿಗೆ ಯಾರು ಕೊಡಬೇಕು?

ಬೆಳಗಿನ ಚಹಾಕ್ಕೆ ಇನ್ನೊಂದು ಉಪದ್ರವವಿದೆ. ಜೋಳ, ಸಜ್ಜೆ, ಬೇಳೆಗಳಲ್ಲಿರುವ ಕಬ್ಬಿಣದ ಅಂಶವನ್ನು ಚಹಾದ ಒಗರು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ. 2016ರಿಂದ 18ರ ನಡುವೆ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ರಕ್ತಹೀನತೆ ಕಂಡುಬಂದಿತ್ತು. ರಕ್ತಕ್ಕಷ್ಟೇ ಅಲ್ಲ, ಮೆದುಳಿನ ನರತಂತುಗಳ ಹೊದಿಕೆಗೂ ಗಮನ ನಿಲ್ಲಿಸುವ ರಾಸಾಯನಿಕಗಳ ತಯಾರಿಕೆಗೂ ಕಬ್ಬಿಣ ಬೇಕು. ಚಹಾ ಬಿಡಿಸಲಾಗದಿದ್ದರೆ ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿಡುವುದು, ಪಲ್ಯಕ್ಕೆ ಲಿಂಬೆ ಹಿಂಡುವುದು, ಹೊಲದ ಬದುವಿನ ಬಾರಿಹಣ್ಣು, ಪೇರಲಹಣ್ಣು ತಿನ್ನಬಿಡುವುದು ಯಾರ ಕೈಗೂ ಎಟಕುವ ಉಪಾಯ. ‘ಸಿ’ ಜೀವಸತ್ವ ಕಬ್ಬಿಣಕ್ಕೆ ದಾರಿ ಬಿಡಿಸುತ್ತದೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಮಾತ್ರೆ ಇದೇ ಕೊರತೆಗೆ. 45 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಇದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿಸಿದರೆ ಹೊಟ್ಟೆ ತೊಳಸಿ ನೋಯುತ್ತದೆ, ಮರುವಾರ ಅರ್ಧ ವರ್ಗ ಗೈರುಹಾಜರಾಗುತ್ತದೆ, ಊರಲ್ಲಿ ‘ಸಾಲಿ ಗುಳಿಗಿ’ಯ ಮೇಲೆ ಸಂಶಯ ಹುಟ್ಟುತ್ತದೆ. ಊಟವಾದ ಮೇಲೆ ಕೊಟ್ಟರೆ ಈ ತಕರಾರು ಬಹಳಮಟ್ಟಿಗೆ ಇಲ್ಲ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಮನೆಯವರಿಗೆ ಮೊದಲೇ ಹೇಳಿರಬೇಕು. ಹಾಗೆಯೇ ಫೆಬ್ರವರಿ 10ರ ಜಂತುನಾಶಕ ದಿನ: 2015ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯನ್ನು ಚೀಪಿ, ಅಗಿದು ತಿನ್ನಬೇಕು. ಬರಿಗಾಲಲ್ಲಿ ಓಡಾಡುವ ಮಕ್ಕಳ ಹೊಟ್ಟೆನೋವಿನಲ್ಲಿ ಜಂತುಹುಳದ ಪಾಲನ್ನು ಮರೆಯುವಂತಿಲ್ಲ.

ಇನ್ನು ಮಲಬದ್ಧತೆ. ಇದರ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ, ಆದರೆ ಶಾಲಾಮಕ್ಕಳ ಹೊಟ್ಟೆನೋವಿಗೆ ಇದೇ ಅತಿ ಸಾಮಾನ್ಯ ಕಾರಣಗಳಲ್ಲೊಂದು. ನೀರಿಲ್ಲದ ಸಂಡಾಸಕ್ಕೆ ಹೋಗಲಾರದೆ ಮಗು ತಡೆದುಕೊಳ್ಳುತ್ತದೆ. ಹೋಗಬೇಕಾಗಬಹುದೆಂದು ನೀರನ್ನೇ ಕುಡಿಯುವುದಿಲ್ಲ. ಸಿರಿವಂತ ಸ್ವೀಡನ್‌ನಲ್ಲೇ ಎಷ್ಟೋ ಮಕ್ಕಳು ಶಾಲೆಯ ಶೌಚಾಲಯದಿಂದ ದೂರವಿರುತ್ತಾರೆಂದು 2005ರ ಅಧ್ಯಯನವೊಂದು ತೋರಿಸಿತು. ಟ್ಯಾಂಕರಿನ ದಾರಿ ಕಾಯುವ ಊರುಗಳಲ್ಲಿ ಏನಾಗಬಹುದು ಎಂದು ಊಹಿಸಬಹುದು. ಹುಡುಗಿಯರದಂತೂ ಇನ್ನೂ ಕಷ್ಟ. ಕೇರಳದ ಶಾಲೆಗಳು 2019ರಲ್ಲಿ ದಿನಕ್ಕೆ ಕೆಲವು ಸಲ ‘ನೀರಿನ ಗಂಟೆ’ ಬಾರಿಸುವ ರೂಢಿ ಹಾಕಿದವು. ಗಂಟೆಯಾದಾಗ ಎಲ್ಲರೂ ಬಾಟಲಿ ತೆರೆದು ಕುಡಿಯಬೇಕು. ಕರ್ನಾಟಕವೂ ಅದನ್ನು ಅನುಸರಿಸಿತು. ಒಳ್ಳೆಯದೇ. ಆದರೆ ಗಂಟೆಗೆ ಮೊದಲು ಸಂಡಾಸಕ್ಕೆ ನೀರು ಬರಬೇಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ಮಾತ್ರೆ, ತಟ್ಟೆ, ನೀರಿನಿಂದ ವಾಸಿಯಾಗುವ ನೋವು. ದಸರೆಯ ನಂತರ ಜತ್ತದಲ್ಲಿ ಶುರುವಾಗುವುದು ಬೇರೆ.

ದಸರೆ ಮುಗಿಯುತ್ತಿದ್ದಂತೆ ಹಳ್ಳಿಗಳಿಗೆ ಟ್ರ್ಯಾಕ್ಟರುಗಳು ಬರುತ್ತವೆ. ಪಾತ್ರೆ ಪಡಗ, ಹಾಸಿಗೆ, ಕೋಳಿ, ಕೂಸುಗಳ ಸಮೇತ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಕೆಲವರು ಜಿಲ್ಲೆಯ ಪಶ್ಚಿಮಕ್ಕೆ, ಕೊಲ್ಲಾಪುರದ ಕಡೆಗೆ, ಇನ್ನು ಕೆಲವರು ಕರ್ನಾಟಕದ ಬೆಳಗಾವಿ, ಬಾಗಲಕೋಟೆಗಳ ಕಾರ್ಖಾನೆಗಳಿಗೆ. ಮುಕಾದಮ ಮುಂಗಡವಾಗಿ ಕೊಟ್ಟ ‘ಉಚಲ್’ ಹಣ ಮಳೆಗಾಲದಲ್ಲೇ ಖರ್ಚಾಗಿರುತ್ತದೆ. ಗಂಡಹೆಂಡತಿಯ ಜೋಡಿಗೆ ಈ ಧಂದೆಯಲ್ಲಿ ಒಂದು ‘ಕೋಯ್ತಾ’ ಎಂದು ಲೆಕ್ಕ. ಕುಡುಗೋಲಿನ ಹೆಸರಿನಲ್ಲಿ ಇಬ್ಬರನ್ನು ಎಣಿಸುವ ಈ ಲೆಕ್ಕದಲ್ಲಿ ಮಕ್ಕಳು ಎಲ್ಲೂ ಬರುವುದಿಲ್ಲ. ಕುಟುಂಬಗಳು ಮರಳುವುದು ಬೇಸಿಗೆಯ ಹೊತ್ತಿಗೆ. ಅಂದರೆ ಜೂನ್‌ನಲ್ಲಿ ಶುರುವಾದ ಶಾಲೆಯ ಎರಡನೇ ಸತ್ರ ಪೂರ್ತಿ ಕಬ್ಬಿನ ಗದ್ದೆಯಲ್ಲಿ ಕಳೆದಿರುತ್ತದೆ.

ಮಗುವಿನ ಮುಂದೆ ಎರಡೇ ದಾರಿ, ಎರಡೂ ಕಠಿಣ. ಜೊತೆಗೆ ಹೋದರೆ ಜೋಪಡಿಯಲ್ಲಿ ವಾಸ, ನಸುಕಿನ ಚಳಿಯಲ್ಲಿ ಏಳುವುದು, ತಮ್ಮನನ್ನು ನೋಡಿಕೊಳ್ಳುವುದು, ಸ್ವಲ್ಪ ಬೆಳೆದಿದ್ದರೆ ಕಬ್ಬಿನ ಮೋಳಿಗೆ ಕೈಹಚ್ಚುವುದು. ಔರಂಗಾಬಾದದ ‘ಜನಾರ್ಥ’ ಸಂಸ್ಥೆ ಕಾರ್ಖಾನೆಗಳ ಬಳಿ ನಡೆಸಿದ ಸಾಖರಶಾಳೆಗಳು, ಅಂದರೆ ಸಕ್ಕರೆಶಾಲೆಗಳು, ಇಂಥ ಮಕ್ಕಳಿಗಾಗಿಯೇ ಹುಟ್ಟಿದವು. ಆದರೆ ಸಂಖದ ಕನ್ನಡ ಶಾಲೆಯ ಮಗು ಜಿಲ್ಲೆಯ ಪಶ್ಚಿಮದ ವಾಳವೆಯ ಮರಾಠಿ ವರ್ಗದಲ್ಲಿ ಕೂತರೆ, ಅಲ್ಲಿ ಅದಕ್ಕೆ ಊಟ ಸಿಕ್ಕೀತು, ಪಾಠ ಸಿಗುವುದು ಕಷ್ಟ.

ಉಳಿದುಕೊಂಡರೆ ಆಯಿಯ ಮನೆ. ಬೀಡ ಮುಂತಾದ ಜಿಲ್ಲೆಗಳಲ್ಲಿ ಸರ್ಕಾರ ಹಂಗಾಮಿ ವಸತಿಗೃಹಗಳ ಯೋಜನೆ ನಡೆಸಿದ್ದು ಹೀಗೆ ಊರಲ್ಲೇ ಉಳಿಯುವ ಮಕ್ಕಳಿಗೆ: ಹಗಲು ಶಾಲೆ, ಎರಡು ಹೊತ್ತು ಊಟ, ರಾತ್ರಿ ಬಂಧುಗಳ ಮನೆ. ಓದಿನ ಲೆಕ್ಕದಲ್ಲಿ ಇದು ಮೇಲು. ಮನಸ್ಸಿನ ಲೆಕ್ಕ ಅಷ್ಟು ಸುಲಭದ್ದಲ್ಲ. ಅವ್ವ ಇದ್ದಕ್ಕಿದ್ದಂತೆ ಕಣ್ಮರೆಯಾದ ಮಗುವಿನ ದೇಹ ಅದನ್ನು ಅಪಾಯವೆಂದೇ ಓದುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲಿನ ಪುಟ್ಟ ಗ್ರಂಥಿ ಕಾರ್ಟಿಸಾಲ್ ಎಂಬ ಚೋದಕವನ್ನು ಬಿಡುತ್ತದೆ. ಒಂದೆರಡು ತಾಸಿನ ಅಪಾಯಕ್ಕೆ ಇದು ಒಳ್ಳೆಯದು, ಮೈ ಎಚ್ಚರವಾಗುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ನಿದ್ದೆ ಕೆಡುತ್ತದೆ, ಹಸಿವು ಸಾಯುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳಿ ಬರುತ್ತದೆ. ಹೊಟ್ಟೆನೋವು ಇದ್ದೇ ಇದೆ.

ಇಂಥ ಮಕ್ಕಳೆಲ್ಲ ಕೆಟ್ಟೇ ಹೋಗುತ್ತಾರೆಯೆ? ಈ ಪ್ರಶ್ನೆಗೆ ಅಪರೂಪದ ಉತ್ತರ ಸಿಕ್ಕಿದ್ದು ಹವಾಯಿಯ ಕೌವಾಯಿ ದ್ವೀಪದಿಂದ. ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು 1955ರಲ್ಲಿ ಅಲ್ಲಿ ಹುಟ್ಟಿದ 698 ಕೂಸುಗಳನ್ನು ಅವರು ನಡುವಯಸ್ಸಿಗೆ ಬರುವತನಕ ಗಮನಿಸುತ್ತ ಹೋದರು. ಕಬ್ಬು ಮತ್ತು ಅನಾನಸ್ ತೋಟಗಳ ಕೂಲಿಕಾರರ ದ್ವೀಪ ಅದು. ಬಡತನ, ಮನೆಯ ಜಗಳ, ಕುಡಿತ ಎಂದು ಹಲವು ಕಷ್ಟಗಳು ಒಟ್ಟಿಗೆ ಬಿದ್ದಿದ್ದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರು ಗಟ್ಟಿಮುಟ್ಟಾದ, ನೆಮ್ಮದಿಯ ದೊಡ್ಡವರಾಗಿ ಬೆಳೆದರು. ಆ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ತಂದೆತಾಯಿ ಅಲ್ಲದಿದ್ದರೂ ಬಿಡದೆ ಜೊತೆಗಿದ್ದ ಒಬ್ಬ ದೊಡ್ಡವರು: ಅಜ್ಜಿ, ಚಿಕ್ಕಮ್ಮ, ನೆರೆಯವರು, ಎಷ್ಟೋ ಸಲ ಶಾಲೆಯ ಶಿಕ್ಷಕಿ. ಬೇಕಿದ್ದುದು ನೆಚ್ಚಿಕೊಳ್ಳಬಹುದಾದ ಒಬ್ಬರು, ಅಷ್ಟೇ.

ಜತ್ತದ ಆಯಿಗಳು ಈ ಕೆಲಸವನ್ನು ಯಾವ ಸಂಶೋಧನೆಯನ್ನೂ ಓದದೆ ಮಾಡುತ್ತಿದ್ದಾರೆ. ಅವರಿಗೆ ನೆರವಾಗುವ ಸಣ್ಣ ಸಂಗತಿಗಳಿವೆ. ಹೊರಡುವ ದಿನವನ್ನು ಮಗುವಿನಿಂದ ಮುಚ್ಚಿಡಬಾರದು. ನಿದ್ದೆಯಲ್ಲಿ ಬಿಟ್ಟುಹೋದರೆ ಮುಂದೆ ನಿದ್ದೆಗೇ ಅಂಜುತ್ತದೆ. ಮರಳುವ ಹೊತ್ತನ್ನು ಹಬ್ಬದ ಹೆಸರಿನಲ್ಲಿ ಹೇಳಬೇಕು, ‘ಯುಗಾದಿಗೆ ಬರ್ತೀವಿ’ ಎಂದರೆ ಆರು ವರ್ಷದ ಮಗುವಿಗೆ ಅದು ಹಿಡಿಯಲು ಸಿಗುವ ಕಾಲ. ದಿನಾ ಸಂಜೆ ಒಂದೇ ವೇಳೆಗೆ ಫೋನು ಬಂದರೆ, ಐದು ನಿಮಿಷವಾದರೂ ಸರಿ, ಬೇಕಾದಾಗ ಬಂದು ಒಂದು ತಾಸು ನಡೆಯುವ ಮಾತಿಗಿಂತ ಮೇಲು. ಮಗುವಿನ ಮೆದುಳು ನೆಮ್ಮದಿ ಪಡುವುದು ಮುಂದೇನೆಂದು ಗೊತ್ತಿದ್ದಾಗ. ಶಾಲೆಯ ಕಡೆಯಿಂದ ಬೇಕಾದದ್ದು, ಕಬ್ಬಿಗೆ ಹೋದವರ ಮಕ್ಕಳು ಯಾರು ಎಂಬ ಒಂದು ಯಾದಿ, ಮತ್ತು ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರುಗಳ ಹತ್ತಿರ ಒಂದು ಕ್ಷಣ ನಿಲ್ಲುವ ಗುರೂಜಿ. ‘ನಿನ್ನಿ ಅವ್ವನ ಫೋನ್ ಬಂದಿತ್ತೇನೊ?’

ಗಮನಿಸಿ, ಆ ಪ್ರಶ್ನೆ ಕನ್ನಡದಲ್ಲಿದೆ. ಜತ್ತದ ಹೊಟ್ಟಿಬ್ಯಾನಿಯ ಕೊನೆಯ ಕಾರಣಕ್ಕೆ ನಾವು ಬಂದದ್ದು ಇಲ್ಲಿಗೆ.

ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಸೇರುವ ಮಗುವಿಗೆ ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕ ಸಿಗುತ್ತದೆ. 1967ರಲ್ಲಿ ಹುಟ್ಟಿದ ಈ ಸಂಸ್ಥೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ತರುತ್ತದೆ, ಅದರಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರ 2000ದಲ್ಲಿ ಇಂಗ್ಲಿಷನ್ನು ಮೊದಲನೇ ಇಯತ್ತೆಯಿಂದಲೇ ಕಡ್ಡಾಯ ಮಾಡಿತು. 2020ರ ಕಾಯ್ದೆ ಮರಾಠಿಯನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತು. ಕನ್ನಡ, ನಾಗರಿ, ರೋಮನ್: ಮೂರು ಲಿಪಿಗಳು ಹಾಲುಹಲ್ಲು ಬೀಳುವ ಮೊದಲೇ ಎದುರು ನಿಲ್ಲುತ್ತವೆ.

ಇದರಲ್ಲಿ ಕನ್ನಡದ ಲಿಪಿಯೊಂದೇ ಎಷ್ಟು ಕೆಲಸ ಬೇಡುತ್ತದೆ ಎಂಬುದನ್ನು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುತ್ತದೆ. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರಗಳು, ಒಂದು ವರ್ಷದಲ್ಲಿ ಮುಗಿಯುತ್ತವೆ. ಕನ್ನಡದಲ್ಲಿ ಬಳ್ಳಿಯ ಲೆಕ್ಕವೇ 400 ದಾಟುತ್ತದೆ, ಒತ್ತಕ್ಷರ ಬೇರೆ. ಇವೆಲ್ಲ ಕೈವಶವಾಗುವುದು ನಾಲ್ಕನೇ ತರಗತಿಯ ಹೊತ್ತಿಗೆ. ಎರಡನೇ ಇಯತ್ತೆಯ ಮಗು ‘ಕೈ’ ಮತ್ತು ‘ಕೌ’ ನಡುವೆ ತಡವರಿಸಿದರೆ ಅದು ದಡ್ಡತನವಲ್ಲ, ವೇಳಾಪಟ್ಟಿಯಂತೆ ನಡೆಯುತ್ತಿರುವ ಬೆಳವಣಿಗೆ. ಇದು ಗೊತ್ತಿಲ್ಲದ ಪಾಲಕರು ‘ಇನ್ನs ಓದಾಕ ಬರೂದಿಲ್ಲ’ ಎಂದು ಬೈದು ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಅಲ್ಲಿ ಅಂಜಿಕೆ ಇಮ್ಮಡಿಯಾಗುತ್ತದೆ.

2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಸುದ್ದಿಯಾಯಿತು, ಕನ್ನಡ ಸಂಘಟನೆಗಳು ಪ್ರತಿಭಟಿಸಿದವು. ಚರ್ಚೆಯೆಲ್ಲ ಗಡಿ ಮತ್ತು ಅಭಿಮಾನದ ಸುತ್ತ ನಡೆಯಿತು. ಆ ಶಿಕ್ಷಕರದು ಏನೂ ತಪ್ಪಿಲ್ಲ. ನೌಕರಿಯ ಆದೇಶ ಎಲ್ಲಿಗೆ ಬಂತೋ ಅಲ್ಲಿಗೆ ಬಂದವರು. ಆದರೆ ಮಕ್ಕಳ ಆರೋಗ್ಯದ ಕಣ್ಣಿನಿಂದ ನೋಡಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ಆರು ವರ್ಷದ ಹುಡುಗಿ, ಅವ್ವ ಕಬ್ಬಿಗೆ ಹೋಗಿದ್ದಾಳೆ, ಬೆಳಿಗ್ಗೆ ಬರೀ ಚಹಾ ಕುಡಿದು ಬಂದಿದ್ದಾಳೆ, ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಿದ್ದಾಳೆ. ಎಲ್ಲಿ ನೋಯುತ್ತದೆ, ಯಾವಾಗಿನಿಂದ, ಸಂಡಾಸಕ್ಕೆ ಹೋಗಿದ್ದೆಯಾ, ಯಾರಾದರೂ ಹೊಡೆದರಾ, ಅವ್ವ ನೆನಪಾದಳಾ? ಈ ಐದು ಪ್ರಶ್ನೆಗಳಲ್ಲಿ ಹಸಿವು, ಜಂತು, ಮಲಬದ್ಧತೆ, ಪೀಡನೆ, ಅಗಲಿಕೆ ಎಲ್ಲದರ ಪತ್ತೆಯಾಗುತ್ತದೆ. ಅವುಗಳನ್ನು ಕೇಳಲು, ಉತ್ತರ ತಿಳಿಯಲು ಅವಳ ನುಡಿ ಬಲ್ಲವರೇ ಬೇಕು. ಪಾಠ ಒಂದು ವಾರ ತಡವಾಗಿ ಅರ್ಥವಾದರೂ ನಡೆದೀತು, ಈ ಮಾತು ಆವತ್ತೇ ಅರ್ಥವಾಗಬೇಕು.

ಕಾನೂನು ಮಾಡಿದವರಿಗೆ ಇದು ಹೊಳೆದಿತ್ತೋ ಏನೋ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲೇ ಇವೆ: ಕಲಿಸುವ ಮಾಧ್ಯಮ ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕು, ಮತ್ತು ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಟ್ಟು ಮನಬಿಚ್ಚಿ ಮಾತಾಡಲು ನೆರವಾಗಬೇಕು. ಸಂವಿಧಾನದ 350ಎ ವಿಧಿ 1956ರಿಂದಲೂ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಸೌಲಭ್ಯ ಒದಗಿಸಿ ಎನ್ನುತ್ತಿದೆ.

ಕಾಯ್ದೆ, ಆದೇಶಗಳ ಮಾತು ಬಂದಾಗ, ನಿದ್ದೆಯ ವಿಷಯದಲ್ಲಿ ಮಹಾರಾಷ್ಟ್ರ ಒಂದು ಒಳ್ಳೆಯ ಕೆಲಸ ಮಾಡಿದೆ, ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕನೇ ಇಯತ್ತೆಯವರೆಗಿನ ವರ್ಗಗಳು ಬೆಳಿಗ್ಗೆ 9ಕ್ಕಿಂತ ಮೊದಲು ಶುರುವಾಗಬಾರದೆಂದು 2024ರ ಫೆಬ್ರವರಿಯಲ್ಲಿ ಸರ್ಕಾರ ಆದೇಶ ಹೊರಡಿಸಿತು. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕೆಂಬುದು ತಜ್ಞರ ಲೆಕ್ಕ. ಹಗಲು ಕಲಿತದ್ದು ಮೆದುಳಿನಲ್ಲಿ ನೆಲೆಗೊಳ್ಳುವುದೂ ಬೆಳವಣಿಗೆಯ ಚೋದಕ ಹೆಚ್ಚು ಸ್ರವಿಸುವುದೂ ನಿದ್ದೆಯಲ್ಲೇ. ಮನೆಯಲ್ಲಿ ರಾತ್ರಿ ಹತ್ತೂವರೆಗೆ ಮುಗಿಯುವ ಧಾರಾವಾಹಿ ಈ ಆದೇಶವನ್ನು ಸದ್ದಿಲ್ಲದೆ ರದ್ದುಮಾಡುತ್ತದೆ ಅನ್ನುವುದು ಬೇರೆ ಮಾತು. ಆಟದ ಬಗ್ಗೆ ಹೇಳುವುದು ಕಡಿಮೆ, ಜತ್ತದಲ್ಲಿ ಬಯಲಿಗೇನೂ ಬರವಿಲ್ಲ. ಶಿಕ್ಷೆಯೆಂದು ಆಟದ ಬಿಡುವನ್ನು ಕಸಿಯಬಾರದು, ಅಷ್ಟು ಸಾಕು. ಅತಿ ತುಂಟರಿಗೇ ಆ ಬಿಡುವು ಹೆಚ್ಚು ಬೇಕು.

ಮರಳಿ ಮುತ್ಯಾ, ಆಯಿಯರ ವಾದಕ್ಕೆ. ನೋವೆಂದ ಮಗುವನ್ನು ಗದರಿಸಬೇಕೋ ಮುದ್ದಿಸಬೇಕೋ? ಅಮೆರಿಕದ ಲಿನ್ ವಾಕರ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪರೀಕ್ಷೆಗೆ ಹಚ್ಚಿದರು. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಕೆಲವು ಪಾಲಕರಿಗೆ ‘ಪಾಪ, ಬಹಳ ನೋಯ್ತಿದೆಯಾ’ ಎಂದು ನೋವಿನ ಬಗ್ಗೆಯೇ ಮಾತಾಡಲು, ಇನ್ನು ಕೆಲವರಿಗೆ ಬೇರೆ ಮಾತಿಗೆಳೆಯಲು ಹೇಳಿದರು. ಮೊದಲ ಗುಂಪಿನ ಮಕ್ಕಳ ದೂರು ಹತ್ತಿರ ಹತ್ತಿರ ಇಮ್ಮಡಿಯಾಯಿತು, ಎರಡನೆಯದರಲ್ಲಿ ಅರ್ಧಕ್ಕಿಳಿಯಿತು. ಮಾತು ಬದಲಿಸುವುದು ಮಗುವಿಗೆ ಕೆಡುಕು ಮಾಡೀತೆಂದು ಪಾಲಕರು ಹೆದರಿದ್ದರು. ಮಕ್ಕಳೋ, ಹಾಗೆ ಮಾಡಿದ್ದರಿಂದಲೇ ಹಾಯೆನಿಸಿತು ಎಂದರು. ಆದ್ದರಿಂದ ಒಮ್ಮೆ ಪೂರ್ತಿ ಕೇಳಿಸಿಕೊಳ್ಳಿ, ನಂಬಿ, ಆಮೇಲೆ ಕೈಗೊಂದು ಕೆಲಸ ಕೊಟ್ಟು ಶಾಲೆಗೆ ಕಳಿಸಿ. ಆದರೆ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಜ್ವರ, ವಾಂತಿ, ಮಲದಲ್ಲಿ ರಕ್ತ ಕಂಡರೆ, ಹೊಕ್ಕಳಿನಿಂದ ದೂರ ಒಂದೇ ಕಡೆ ನೋಯುತ್ತಿದ್ದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಮನಸ್ಸಿನ ತೊಂದರೆ ಮನೆಯವರ ಕಣ್ಣಿಗೆ ಬೀಳುವುದು ಕಡಿಮೆ. ಬೆಂಗಳೂರಿನ ನಗರ ಮತ್ತು ಹಳ್ಳಿಗಳ 2,064 ಮಕ್ಕಳ ಬಗ್ಗೆ ನಿಮ್ಹಾನ್ಸ್ ತಜ್ಞರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 12.5ರಷ್ಟು ಮಕ್ಕಳಿಗೆ ಗುರುತಿಸಬಲ್ಲ ಮಾನಸಿಕ ತೊಂದರೆಯಿತ್ತು. ತಮ್ಮ ಮಗುವಿಗೆ ಏನೋ ಆಗಿದೆ ಎಂದು ಮನಗಂಡಿದ್ದ ಕುಟುಂಬಗಳು ನೂರಕ್ಕೆ 40ಕ್ಕಿಂತ ಕಡಿಮೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಕಣ್ಣು, ಹಲ್ಲು, ಹೃದಯ ನೋಡುತ್ತದೆ. ಮಗುವಿನ ಸ್ವಭಾವ ಬದಲಾದದ್ದನ್ನೂ ಅವರ ಮುಂದೆ ಹೇಳಬಹುದು ಎಂದು ಪಾಲಕರಿಗೆ ಗೊತ್ತಿರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಪ್ರತಿ ಸರ್ಕಾರಿ ಶಾಲೆಗೂ ವ್ಯವಸ್ಥಾಪನ ಸಮಿತಿಯಿದೆ. ಅದರ ಸದಸ್ಯರಲ್ಲಿ ಮುಕ್ಕಾಲುಪಾಲು ಪಾಲಕರು, ಒಟ್ಟು ಅರ್ಧದಷ್ಟು ಹೆಂಗಸರು ಇರಲೇಬೇಕು. ಜತ್ತದ ಪಾಲಕರೇ, ಮುಂದಿನ ಸಭೆಗೆ ಹೋಗಿ. ಕಬ್ಬಿಗೆ ಹೊರಟವರು ಆಯಿಯನ್ನಾದರೂ ಕಳಿಸಿ. ಸಂಡಾಸಕ್ಕೆ ನೀರು ಎಷ್ಟು ಗಂಟೆಗೆ ಬರುತ್ತದೆ, ಗುಲಾಬಿ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ರಜೆಯಲ್ಲಿ ಖಿಚಡಿ ಉಂಟೋ ಇಲ್ಲವೋ, ಒಂದನೇ ಇಯತ್ತೆಗೆ ಕನ್ನಡ ಬಲ್ಲ ಶಿಕ್ಷಕರು ಯಾವಾಗ ಬರುತ್ತಾರೆ ಎಂದು ಕೇಳಿ, ಉತ್ತರವನ್ನು ಠರಾವಿನ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ಜತ್ತದ ಗಟಶಿಕ್ಷಣಾಧಿಕಾರಿ ಕಚೇರಿಗೆ ಮುಟ್ಟಿಸಿ ಪೋಚಾವತಿ ತೆಗೆದುಕೊಳ್ಳಿ.